ಇಪ್ಪತ್ತು ಡಾಲರ್, ಒಂದು ರೂಪಾಯಿ

ನಮ್ಮಪ್ಪ ಯಾರಿಗೂ ಬರೀ ನೂರು ರೂಪಾಯಿ ಕೊಟ್ಟವರಲ್ಲ. ಕೊಟ್ಟರೆ ನೂರಾ ಒಂದು. ಕೈ ಬಿಗಿಯಿದ್ದ ವರ್ಷ ಐವತ್ತೊಂದು, ತೀರ ಬಿಗಿಯಿದ್ದರೆ ಹನ್ನೊಂದು. ಸೊನ್ನೆಯಲ್ಲಿ ಮುಗಿದರೆ ಲೆಕ್ಕ ಚುಕ್ತಾ ಆದ ಹಾಗಂತೆ, ಮೇಲೊಂದು ರೂಪಾಯಿ ಇದ್ದರೆ ಮತ್ತೆ ಬನ್ನಿ ಅಂದ ಹಾಗಂತೆ. ಈ ಒಂದು ರೂಪಾಯಿಯ ಹುಚ್ಚು ನನಗೂ ಅಂಟಿದೆ. ಅದನ್ನು ಟೆಕ್ಸಾಸ್‌ನ ಪ್ಲೇನೋವರೆಗೂ ಹೊತ್ತು ತಂದಿದ್ದೇನೆ. ಪ್ರತಿ ಸಲ ಊರಿಗೆ ಹೋದಾಗ ಎರಡು ಕಟ್ಟು ಮುಯ್ಯಿ ಕವರ್ ತರುತ್ತೇನೆ. ಕೆಂಪು ಬಣ್ಣ, ಚಿನ್ನದ ಗಣೇಶ, ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿ ನಾಣ್ಯ. ಇಲ್ಲಿನ ಕನ್ನಡದವರ ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಅವು ಬೇಕಾಗುತ್ತವೆ.

2022ರ ಡಿಸೆಂಬರಿನಲ್ಲಿ ಆ ಕವರ್ ನನ್ನನ್ನು ಒಂದು ಪೇಚಿಗೆ ಸಿಕ್ಕಿಸಿತು.

ಅದಕ್ಕೆ ಮೊದಲು ತಿಪಟೂರಿನ ಮಾತು ಸ್ವಲ್ಪ ಹೇಳಬೇಕು. ದೀಪಾವಳಿ ಬಂತೆಂದರೆ ನಮ್ಮನೆ ಜಗಲಿಗೆ ಒಬ್ಬೊಬ್ಬರೇ ಬರುತ್ತಿದ್ದರು. ಪೇಪರ್ ಹುಡುಗ, ಹಾಲಿನವರು, ಬೀದಿ ಗುಡಿಸುವ ಲಕ್ಕಮ್ಮ, ಲೈನ್‌ಮ್ಯಾನ್. ಯಾರೂ ಬಾಯಿಬಿಟ್ಟು ದುಡ್ಡು ಕೇಳುತ್ತಿರಲಿಲ್ಲ. "ಏನ್ ಸ್ವಾಮಿ, ಹಬ್ಬ ಜೋರಾ?" ಅಂದರೆ ಮುಗಿಯಿತು. ಅಪ್ಪ ಒಳಗೆ ಹೋಗಿ ಜೇಬು ತಡಕುತ್ತಿದ್ದರು, ಅಮ್ಮ ಪೇಪರಿನಲ್ಲಿ ಕಜ್ಜಾಯ ಸುತ್ತುತ್ತಿದ್ದಳು. ಇದಕ್ಕೆ ಹಬ್ಬದ ಇನಾಮು ಅಂತ ಹೆಸರು. ಭಕ್ಷೀಸು ಅಂದರೆ ಅಪ್ಪ ಸಿಡುಕುತ್ತಿದ್ದರು. ಅದು ದೊಡ್ಡವರು ಸಣ್ಣವರಿಗೆ ಎಸೆಯೋದು ಅಂತ.

ಪೋಸ್ಟಣ್ಣನದು ಮಾತ್ರ ಬೇರೆ ಲೆಕ್ಕ. ಅವರು ಹಬ್ಬಕ್ಕೆ ಕಾಯಬೇಕಿರಲಿಲ್ಲ. ಅಜ್ಜಿಯ ವಿಧವಾ ವೇತನ ಮನಿ ಆರ್ಡರ್‌ನಲ್ಲಿ ಬರುತ್ತಿತ್ತು. ಅವರು ಸೈಕಲ್ಲನ್ನು ಕಲ್ಲಿನ ಕಂಬಕ್ಕೆ ಒರಗಿಸಿ, ಜಗಲಿ ಮೇಲೆ ಕೂತು, ಬೆರಳಿಗೆ ಎಂಜಲು ಹಚ್ಚಿ ನೋಟು ಎಣಿಸುತ್ತಿದ್ದರು. ಅಜ್ಜಿಯ ಹೆಬ್ಬೆಟ್ಟು ಹಿಡಿದು ಇಂಕ್ ಪ್ಯಾಡಿಗೆ ಒತ್ತಿ, ಫಾರಮ್ಮಿಗೆ ಒತ್ತುತ್ತಿದ್ದರು. ಅಜ್ಜಿ ಬೆರಳಿನ ಮಸಿಯನ್ನು ಅದೇ ಕಂಬಕ್ಕೆ ಒರೆಸುತ್ತಿದ್ದಳು. ಮೊಣಕಾಲೆತ್ತರದಲ್ಲಿ ಆ ಕಂಬದ ಒಂದು ಮಗ್ಗುಲು ನೀಲಿಯಾಗಿಯೇ ಇತ್ತು. ಆಮೇಲೆ ಒಂದು ಲೋಟ ಕಾಫಿ, ಎಣಿಸಿದ ನೋಟಿನಿಂದಲೇ ಐದು ರೂಪಾಯಿ. ಸರ್ಕಾರಿ ನೌಕರರು ಹೀಗೆ ತಗೋಬಹುದಾ ಅನ್ನೋ ಪ್ರಶ್ನೆ ಆ ಜಗಲಿಯಲ್ಲಿ ಯಾರಿಗೂ ಬಂದ ನೆನಪಿಲ್ಲ.

ಪ್ಲೇನೋದಲ್ಲಿ ನಮ್ಮನೆಗೆ ಟಪಾಲು ತರುವವರು ಹೆಂಗಸು. ಐವತ್ತರ ಆಸುಪಾಸು, ಗಟ್ಟಿ ಆಳು. ಪೋಸ್ಟ್‌ಮ್ಯಾನ್ ಹೆಣ್ಣಾದರೆ ಏನಂತ ಕರೀಬೇಕು ಅಂತ ನಾವು ಗಂಡ ಹೆಂಡತಿ ತಲೆ ಕೆರೆದುಕೊಳ್ಳುತ್ತಿದ್ದಾಗ ನಮ್ಮ ಮಗಳು "ಪೋಸ್ಟಮ್ಮ" ಅಂದುಬಿಟ್ಟಳು. ಅದೇ ನಿಂತಿತು.

ಪೋಸ್ಟಮ್ಮನ ಗಾಡಿ ನನಗೆ ಮೊದಲ ದಿನದಿಂದಲೂ ಇಷ್ಟ. ಅಮೆರಿಕದಲ್ಲಿ ಎಲ್ಲ ಕಾರಿಗೂ ಸ್ಟೀರಿಂಗ್ ಎಡಕ್ಕೆ. ಇವರ ಬಿಳಿ ಡಬ್ಬಿಯಂಥ ವ್ಯಾನಿಗೆ ಮಾತ್ರ ನಮ್ಮೂರಿನ ಹಾಗೆ ಬಲಕ್ಕೆ! ರಸ್ತೆ ಬದಿಯ ಡಬ್ಬಿಗೆ ಕೂತಲ್ಲಿಂದಲೇ ಕೈಚಾಚಿ ಕಾಗದ ಹಾಕಬೇಕಲ್ಲ, ಅದಕ್ಕೆ. 1987ರಿಂದ 1994ರವರೆಗೆ ತಯಾರಾದ ಗಾಡಿಗಳು ಇವು, ಇನ್ನೂ ಓಡುತ್ತಲೇ ಇವೆ. ಏಸಿ ಇಲ್ಲ. ಡ್ಯಾಶ್‌ಬೋರ್ಡ್ ಮೇಲೊಂದು ಪುಟ್ಟ ಫ್ಯಾನು, ಅಷ್ಟೆ. ಆ ವರ್ಷದ ಬೇಸಿಗೆಯಲ್ಲಿ ದಿನಾ ಎಂಬಂತೆ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ ಮೂವತ್ತೆಂಟು. ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದು ಓಡಿಹೋಗಿ ಕೊಡುತ್ತಿದ್ದೆ. ಪೋಸ್ಟಮ್ಮ ಅದನ್ನು ಕುಡಿಯುವ ಮುಂಚೆ ಕತ್ತಿನ ಹಿಂದೆ ಇಟ್ಟುಕೊಂಡು ಒಂದು ನಿಮಿಷ ಕಣ್ಣು ಮುಚ್ಚುತ್ತಿದ್ದರು. ನಮ್ಮ ಪರಿಚಯ ಅಷ್ಟೆ.

ಡಿಸೆಂಬರ್ ಬಂತು. ಆಫೀಸಿನಲ್ಲಿ, ಶಾಲೆಯ ಗೇಟಿನಲ್ಲಿ ಎಲ್ಲ ಕಡೆ ಒಂದೇ ಮಾತು. ಯಾರಿಗೆ ಎಷ್ಟು ಕೊಡ್ತೀರಿ? ಇಲ್ಲಿ ಹೋಟೆಲಿನ ಟಿಪ್ಸ್ ನನಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತು. ಅದು ಖುಷಿಯ ಮಾತೇ ಅಲ್ಲ, ಸಂಬಳದ ಮಾತು. ಟೆಕ್ಸಾಸಿನಲ್ಲಿ ಟಿಪ್ಸ್ ಪಡೆಯುವ ಮಾಣಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೂ ಕಾನೂನಿಗೆ ಸಾಕು, ಟಿಪ್ಸ್ ಸೇರಿ 7.25 ಆಗದಿದ್ದರೆ ಮಾತ್ರ ಅವನು ತುಂಬಿಕೊಡಬೇಕು. 2.13 ಅನ್ನೋದು 1991ರಿಂದ ಒಂದು ಸೆಂಟೂ ಏರಿಲ್ಲ. ಅಲ್ಲಿ ಕೊಡದೆ ಎದ್ದು ಬಂದರೆ ಕೂಲಿ ಮುರಿದ ಹಾಗೆ.

ಡಿಸೆಂಬರಿನದು ಹಾಗಲ್ಲ, ನಮ್ಮ ಹಬ್ಬದ ಇನಾಮಿನ ಜಾತಿಯದು. ಎದುರುಮನೆಯಲ್ಲಿ ರಿಟೈರಾದ ಟೀಚರ್ ಅಜ್ಜಿ ಒಬ್ಬರಿದ್ದಾರೆ. ಅವರು ಬಾಯಿಪಾಠದಂತೆ ಹೇಳಿದರು. ಮನೆ ಕ್ಲೀನ್ ಮಾಡುವವರಿಗೆ ಒಂದು ಸಲದ ಕೂಲಿ, ಕೂದಲು ಕತ್ತರಿಸುವವರಿಗೆ ಒಂದು ಕಟಿಂಗಿನ ದುಡ್ಡು. ಕೊರಿಯರಿನವರಿಗೆ ಬಾಗಿಲ ಮುಂದೆ ಬುಟ್ಟಿಯಲ್ಲಿ ನೀರು, ಚಿಪ್ಸು. ಕಸದ ಗಾಡಿಯ ಬಗ್ಗೆ ಕೇಳಿದೆ. ಕೆಲವರು ಕವರನ್ನು ಡಬ್ಬದ ಮುಚ್ಚಳಕ್ಕೆ ಅಂಟಿಸ್ತಾರೆ ಅಂದರು. ನಮ್ಮ ಗಲ್ಲಿಯ ಕಸದ ಲಾರಿಗೆ ಒಂದು ಕಬ್ಬಿಣದ ತೋಳು ಇದೆ. ಡಬ್ಬವನ್ನು ಅಪ್ಪಿ, ಎತ್ತಿ, ತಲೆಕೆಳಗು ಮಾಡಿ ಸುರಿಯುತ್ತೆ. ಡ್ರೈವರ್ ಇಳಿಯುವುದೇ ಇಲ್ಲ. ನನ್ನ ಕವರು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಿ ಸುಮ್ಮನಾದೆ. ಲಕ್ಕಮ್ಮನ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಡ್ರೈವರಿನ ಮುಖವನ್ನು ನಾನು ಒಂದು ದಿನವೂ ನೋಡಿಲ್ಲ.

ಪೋಸ್ಟಮ್ಮನ ವಿಷಯ ಮಾತ್ರ ಅಜ್ಜಿಯ ಹತ್ತಿರ ಕೇಳಲೇ ಇಲ್ಲ. ಅದೇನು ಕೇಳೋದು, ಪೋಸ್ಟಣ್ಣನ ಊರಿನವಳು ನಾನು.

17ನೇ ತಾರೀಖು ಶನಿವಾರ. ಮುಯ್ಯಿ ಕವರ್ ತೆಗೆದೆ. ಗರಿಗರಿ ಇಪ್ಪತ್ತು ಡಾಲರಿನ ನೋಟು ಇಟ್ಟೆ. ಡಬ್ಬಿಯೊಳಗೆ ಇಟ್ಟು ಬರಬಹುದಿತ್ತು, ಆದರೆ ನವರಾತ್ರಿಯಲ್ಲಿ ಒಂದು ಎಡವಟ್ಟು ಮಾಡಿಕೊಂಡಿದ್ದೆ. ಗೊಂಬೆ ನೋಡಲು ಕರೆಯೋಲೆ ಬರೆದು ಅಕ್ಕಪಕ್ಕದವರ ಟಪಾಲು ಡಬ್ಬಿಗಳಲ್ಲಿ ಹಾಕಿ ಬಂದಿದ್ದೆ. ಸ್ಟಾಂಪು ಅಂಟಿಸದ ಕಾಗದವನ್ನು ಹಾಗೆ ಹಾಕುವುದು ಇಲ್ಲಿ ಕಾನೂನಿಗೆ ವಿರುದ್ಧ ಅಂತ ಆಮೇಲೆ ಗೊತ್ತಾಯಿತು. ನಾನು ಇಟ್ಟಿಗೆ ಕಟ್ಟಿ ಮಾಡಿಸಿದ ಡಬ್ಬಿಯೂ ಲೆಕ್ಕಕ್ಕೆ ಅಂಚೆಯವರದೇ! ಹಾಗಾಗಿ ಕವರನ್ನು ಕೈಯಲ್ಲೇ ಕೊಡೋಣ ಅಂತ ಕಿಟಕಿ ಹತ್ತಿರ ಕಾದೆ.

ಎರಡು ಗಂಟೆ ಹೊತ್ತಿಗೆ ಆ ಗಾಡಿಯ ಗೊರಗೊರ ಕೇಳಿಸಿತು. ಚಪ್ಪಲಿ ಮೆಟ್ಟಿ ಓಡಿದೆ. ಎರಡೂ ಕೈಯಲ್ಲಿ ಹಿಡಿದು ಕೊಟ್ಟು "ಹ್ಯಾಪಿ ಹಾಲಿಡೇಸ್" ಅಂದೆ. ಪೋಸ್ಟಮ್ಮ ಕವರ್ ನೋಡಿ ಅರಳಿದರು. ಗಣೇಶನ ಮೇಲೆ ಬೆರಳಾಡಿಸಿದರು. ಆಮೇಲೆ ನಾನು ನಿಂತಿರುವಾಗಲೇ ಪರ್ರನೆ ಬಿಚ್ಚಿದರು. ನಮ್ಮಲ್ಲಿ ಮುಯ್ಯಿ ಕೊಟ್ಟವರ ಎದುರಿಗೆ ಕವರ್ ಬಿಚ್ಚುವುದುಂಟಾ? ನಾನೇ ಮುಜುಗರದಿಂದ ಆಕಡೆ ನೋಡಿದೆ.

"ಅಯ್ಯೋ ಹನಿ," ಅಂದರು. "ಕ್ಯಾಶ್ ಮುಟ್ಟೋ ಹಾಗಿಲ್ಲ."

ಕಡಿಮೆಯಾಯಿತೇನೋ ಅಂದುಕೊಂಡೆ. ಸತ್ಯವಾಗಿ. ಊರಿನ ಬುದ್ಧಿ ಎಲ್ಲಿಗೆ ಹೋಗುತ್ತೆ. ಪೋಸ್ಟಮ್ಮ ವ್ಯಾನಿನ ಇಂಜಿನ್ ಆಫ್ ಮಾಡಿ ನಿಧಾನಕ್ಕೆ ಬಿಡಿಸಿ ಹೇಳಿದರು. ಅಂಚೆಯವರು ಕೇಂದ್ರ ಸರ್ಕಾರದ ನೌಕರರು. ನಗದು ಒಂದು ಡಾಲರೂ ತಗೊಳ್ಳುವ ಹಾಗಿಲ್ಲ, ಚೆಕ್ ಕೂಡ ಇಲ್ಲ. ಒಂದು ಸಂದರ್ಭಕ್ಕೆ 20 ಡಾಲರ್ ಬೆಲೆಯೊಳಗಿನ ವಸ್ತು ಆಗಬಹುದು. ಒಂದೇ ಗಿರಾಕಿಯಿಂದ ವರ್ಷಕ್ಕೆ ಒಟ್ಟು 50 ಡಾಲರ್ ದಾಟಬಾರದು. ಅಂಗಡಿಯ ಗಿಫ್ಟ್ ಕಾರ್ಡ್ ಪರವಾಗಿಲ್ಲ, ಆದರೆ ಅದನ್ನು ನಗದಾಗಿ ಮಾಡಿಕೊಳ್ಳಲು ಬರಬಾರದು. ಎಷ್ಟೋ ಮನೆಯವರು ಗೊತ್ತಿಲ್ಲದೆ ಕೊಡ್ತಾರೆ, ನಾನು ವಾಪಸ್ ಕೊಡ್ತೀನಿ ಅಂದರು. ಇನ್ನೆಂಟು ವರ್ಷಕ್ಕೆ ಪಿಂಚಣಿಯಂತೆ. ಇಪ್ಪತ್ತು ಡಾಲರಿಗೆ ಯಾರಾದರೂ ಅದನ್ನು ಪಣಕ್ಕಿಡ್ತಾರಾ?

ನೋಟನ್ನು ಮಡಚಿ ನನ್ನ ಕೈಗಿಟ್ಟರು. ಕವರನ್ನು ಮಾತ್ರ ಕೊಡಲಿಲ್ಲ. ಮೂಲೆಯ ನಾಣ್ಯ ತಟ್ಟಿ, "ಇದು ದುಡ್ಡಾ?" ಅಂತ ಕೇಳಿದರು.

ನಾನು ಪೇಚಾಡಿದೆ. ದುಡ್ಡೇ. ಇಲ್ಲಿನ ಒಂದು ಸೆಂಟಿಗೆ ಕೂದಲೆಳೆ ಜಾಸ್ತಿ. ಅಂದರೆ ನನ್ನ ಮುಯ್ಯಿ ನಗದು ಅನ್ನೋದು ಒಂದು ತಪ್ಪು, ಆ ಒಂದು ರೂಪಾಯಿಂದಾಗಿ ಇಪ್ಪತ್ತರ ಗೆರೆಯನ್ನೂ ದಾಟಿತ್ತು ಅನ್ನೋದು ಇನ್ನೊಂದು. ಅಪ್ಪನ ಥಿಯರಿಯನ್ನು ಇಂಗ್ಲಿಷಿನಲ್ಲಿ ಹೇಳಲು ನೋಡಿದೆ. ಸೊನ್ನೆಯಲ್ಲಿ ಮುಗಿಸಬಾರದು, ಮೇಲೊಂದು ಇದ್ದರೆ ಮತ್ತೆ ಬರಲಿ ಅಂತ ಅರ್ಥ. ಪೋಸ್ಟಮ್ಮ ಗಂಭೀರವಾಗಿ ಕೇಳಿಸಿಕೊಂಡರು. "ನಾನು ಸೋಮವಾರ ಬರ್ತೀನಲ್ಲ," ಅಂದರು. ಆಮೇಲೆ, "ಈ ಊರಲ್ಲಿ ಇದನ್ನು ಯಾವ ಅಂಗಡಿಯವರೂ ತಗೊಳ್ಳಲ್ಲ. ಹಾಗಾದ್ರೆ ಇದು ಕಾರ್ಡ್ ಮೇಲಿನ ಅಲಂಕಾರ," ಅಂತ ತಾವೇ ತೀರ್ಪು ಕೊಟ್ಟು, ಕವರನ್ನು ಸನ್‌ವೈಸರ್ ಹಿಂದೆ ಸಿಕ್ಕಿಸಿ ಹೊರಟರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಕೊಡ್ತಿದ್ದ ಐದು ರೂಪಾಯಿ ಇನಾಮಾ, ಕಮಿಷನ್ನಾ ಅಂತ ನಂಗೂ ಆಗಾಗ ಅನ್ಸೋದು ಕಣೇ" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಎಂದೂ ಕೇಳಿರಲಿಲ್ಲ. ಪೋಸ್ಟಣ್ಣ ಕೇಳಿದವರಲ್ಲ. ಆದರೆ ಕೊಡದಿದ್ದರೆ ಏನಾಗುತ್ತಿತ್ತು ಅಂತ ಅಜ್ಜಿ ಯಾವತ್ತೂ ಪರೀಕ್ಷೆ ಮಾಡಿ ನೋಡಿರಲಿಲ್ಲ, ಅಷ್ಟೆ. ಈ ಊರಿನ ನಿಯಮ ಒಣಕಲು ಅನ್ನಿಸಿದರೂ, ಎದುರುಮನೆ ಅಜ್ಜಿಯ ಪಿಂಚಣಿಯ ಕಾಗದಕ್ಕೆ ಯಾರ ಹಂಗೂ ಇಲ್ಲವಲ್ಲ ಅನ್ನಿಸಿತು.

ಸೋಮವಾರಕ್ಕೆ ಕಾಫಿ ಅಂಗಡಿಯ ಹದಿನೈದು ಡಾಲರಿನ ಕಾರ್ಡು ತಂದೆ. ಜೊತೆಗೆ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿ. ತಿಪಟೂರಿನವಳು ಇನ್ನೇನು ಕೊಡಲಿ? ಮಿಠಾಯಿಗೆ ಐದು ಡಾಲರ್ ಬೆಲೆ ಕಟ್ಟಿ, ಒಟ್ಟು ಇಪ್ಪತ್ತು ಅಂತ ಲೆಕ್ಕ ಸರಿಮಾಡಿದೆ. ಐದು ಜಾಸ್ತಿಯಾಯ್ತು ಅಂತ ನಮ್ಮ ಯಜಮಾನರು ಅಂದರು. ಅವರಿಗೆ ಆ ದಿನ ಮಿಠಾಯಿ ಸಿಗಲಿಲ್ಲ. ಅದೇ ವಾರ ಗುರುವಾರ ಉತ್ತರದ ಗಾಳಿ ನುಗ್ಗಿ, ಮರುದಿನ ಬೆಳಗ್ಗೆ ಮೈನಸ್ ಹತ್ತು ಸೆಲ್ಸಿಯಸ್‌ಗಿಂತ ಕೆಳಗಿತ್ತು. ಪೋಸ್ಟಮ್ಮ ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಬಂದಿದ್ದರು, ಕಾಗದ ಬಿಡಿಸಬೇಕಲ್ಲ. ಕಾರ್ಡಿನ ಬದಲು ಒಳ್ಳೆ ಕೈಗವಸು ಕೊಡಬೇಕಿತ್ತು ಅಂತ ತಡವಾಗಿ ಹೊಳೆಯಿತು.

ವಾಪಸ್ ಬಂದ ಇಪ್ಪತ್ತು ಫ್ರಿಜ್ಜಿನ ಮೇಲೆ ಬಿದ್ದಿತ್ತು. ಕ್ರಿಸ್ಮಸ್ ಕಳೆದ ಮೇಲೆ ಪೇಪರ್ ರಾಶಿ ಜೋಡಿಸುವಾಗ ಒಂದು ಕಾರ್ಡ್ ಉದುರಿತು. ನಮಗೆ ಪೇಪರ್ ಹಾಕುವವರದು. ಹಬ್ಬದ ಶುಭಾಶಯ, ಕೆಳಗೆ ಕೈಬರಹದ ಹೆಸರು, ಜೊತೆಗೆ ಅವರದೇ ವಿಳಾಸ ಬರೆದ ಖಾಲಿ ಕವರ್. "ಹಬ್ಬ ಜೋರಾ ಸ್ವಾಮಿ" ಅನ್ನೋದನ್ನು ಇಲ್ಲಿ ಹೀಗೆ ಕೇಳುತ್ತಾರೆ. ಬೆಳಗಿನ ಜಾವ ಕಾರಿನ ಕಿಟಕಿಯಿಂದ ಪೇಪರ್ ಎಸೆದು ಹೋಗುವ ಈ ಮನುಷ್ಯನನ್ನೂ ನಾನು ನೋಡಿಲ್ಲ. ಇವರೇನು ಸರ್ಕಾರಿ ನೌಕರರಲ್ಲ, ಇಪ್ಪತ್ತರ ಗೆರೆ ಇವರಿಗಿಲ್ಲ. ಅಂಚೆಯಲ್ಲಿ ನೋಟು ಕಳಿಸುವುದು ಬೇಡ ಅಂತ ಇಪ್ಪತ್ತಕ್ಕೆ ಚೆಕ್ ಬರೆದೆ. ಇನ್ನೊಂದು ಮುಯ್ಯಿ ಕವರಿನಿಂದ ನಾಣ್ಯ ಕಿತ್ತು ಒಳಗೆ ಹಾಕಿದೆ. ಭಾರಕ್ಕೆ ಇರಲಿ ಅಂತ ಎರಡು ಸ್ಟಾಂಪು ಅಂಟಿಸಿ, ಡಬ್ಬಿಯಲ್ಲಿಟ್ಟು ಕೆಂಪು ಬಾವುಟ ಎತ್ತಿದೆ. ಒಯ್ಯಲು ಕಾಗದ ಇದೆ ಅನ್ನೋದಕ್ಕೆ ಅದು ಗುರುತು.

ಮಧ್ಯಾಹ್ನ ಕಿಟಕಿಯಿಂದ ನೋಡುತ್ತಿದ್ದೆ. ಪೋಸ್ಟಮ್ಮ ಗಾಡಿ ನಿಲ್ಲಿಸಿ ಬಾವುಟ ಇಳಿಸಿದರು, ಕವರ್ ತೆಗೆದರು. ಹೆಬ್ಬೆರಳು ಮೂಲೆಯ ಗುಂಡಗಿನ ಉಬ್ಬಿನ ಮೇಲೆ ನಿಂತಿತು. ವಿಳಾಸ ಓದಿದರು. ಆಮೇಲೆ ಕವರನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ, ನಮ್ಮ ಕಿಟಕಿಯ ಕಡೆ ನೋಡಿದರು.