ಅಪ್ಪನ ನೋಟ್‌ಬುಕ್ಕಿನ ಖಾಲಿ ಜಾಗ

ಅಪ್ಪ ಹೋಗಿ ಎಂಟು ತಿಂಗಳಾದ ಮೇಲೆ ಅವರು ಕಲ್ಲು ತುಂಬಿಟ್ಟಿದ್ದ ಪೆಟ್ಟಿಗೆಗಳನ್ನು ತೆರೆದೆವು. ಒಟ್ಟು ಹನ್ನೊಂದು ಮರದ ಪೆಟ್ಟಿಗೆ. ಭೂವಿಜ್ಞಾನ ಕಲಿಸುವ ಕಾಲೇಜಿಗೆ ಕೊಡಿ ಅಂತ ಅಪ್ಪನೇ ಹೇಳಿದ್ದರು. ಅದಕ್ಕೆ ಪಟ್ಟಿ ಬೇಕಿತ್ತು. ನಾನು ಕಲ್ಲು ಎತ್ತಿ ನಂಬರ್ ಓದುವುದು, ಅಮ್ಮ ನೋಟ್‌ಬುಕ್ಕಿನಲ್ಲಿ ಆ ನಂಬರ್ ಹುಡುಕುವುದು, ದೂರದಲ್ಲಿರುವ ತಮ್ಮ ಫೋನಿನಲ್ಲಿ ಕೇಳಿಸಿಕೊಂಡು ಕಂಪ್ಯೂಟರಿಗೆ ಏರಿಸುವುದು. ಒಂದು ಇಡೀ ಭಾನುವಾರ ಹೀಗೇ ಕಳೆಯಿತು.

ಪ್ರತಿ ಕಲ್ಲಿನ ಮೇಲೂ ಬಿಳಿ ಪೇಂಟಿನ ಚಿಕ್ಕ ಚುಕ್ಕಿ. ಅದರ ಮೇಲೆ ಕಪ್ಪು ಇಂಕಿನಲ್ಲಿ ನಂಬರ್. "ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದಿದ್ದರೆ ಎಷ್ಟು ಚಂದದ ಕಲ್ಲಾದರೂ ಮೂಕ" ಅನ್ನುತ್ತಿದ್ದರು ಅಪ್ಪ. ನೋಟ್‌ಬುಕ್ಕಿನ ಬಲಗಡೆ ಪುಟ ಕೆಲಸದ್ದು. ಜಾಗ, ಕಲ್ಲಿನ ಜಾತಿ, ಬಣ್ಣ, ಸ್ಟ್ರೈಕ್, ಡಿಪ್. ಎಡಗಡೆ ಪುಟದಲ್ಲಿ ಬಂಡೆಯ ಪೆನ್ಸಿಲ್ ಚಿತ್ರ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ನಾವು ಇರುತ್ತಿದ್ದೆವು. "ಮಗಳ ಮುಂದಿನ ಹಲ್ಲು ಇಷ್ಟರಲ್ಲಿ ಬಿದ್ದಿರಬೇಕು." "ಇವತ್ತು ಮಗನಿಗೆ ಗಣಿತ ಪರೀಕ್ಷೆ." "ಮನೆಯಲ್ಲಿ ಇವಳಿಗೆ ಜ್ವರ ಬಿಟ್ಟಿತೋ ಇಲ್ಲವೋ." ಈ ಸಾಲುಗಳನ್ನು ಅಮ್ಮ ಅವತ್ತೇ ಮೊದಲ ಸಲ ಓದಿದ್ದು. ಓದುತ್ತಾ ಓದುತ್ತಾ ನಂಬರ್ ಹುಡುಕುವುದನ್ನೇ ಮರೆತುಬಿಡುತ್ತಿದ್ದಳು. ನಾನೂ ಅವಸರ ಮಾಡಲಿಲ್ಲ.

ಸ್ಟ್ರೈಕ್, ಡಿಪ್ ಅಂದರೇನು ಅಂತ ನನಗೆ ಎಂಟನೇ ವಯಸ್ಸಿಗೇ ಗೊತ್ತಿತ್ತು. ಅಗಲದ ಪಾತ್ರೆಗೆ ನೀರು ತುಂಬಿ, ಅದರಲ್ಲಿ ಒಂದು ರಟ್ಟನ್ನು ಓರೆಯಾಗಿ ಅದ್ದಿ ತೋರಿಸಿದ್ದರು. ರಟ್ಟಿನ ಮೇಲೆ ನೀರು ಎಳೆದ ಗೆರೆ ಇದೆಯಲ್ಲ, ಅದರ ದಿಕ್ಕು ಸ್ಟ್ರೈಕ್. ರಟ್ಟು ಎಷ್ಟು ಡಿಗ್ರಿ ವಾಲಿದೆಯೋ ಅದು ಡಿಪ್. ಮೇಲಿನಿಂದ ಒಂದು ಹನಿ ಬಿಟ್ಟರೆ ಅದು ಇಳಿಯುವ ದಾರಿಯೇ ಡಿಪ್‌ನ ದಿಕ್ಕು. ಈ ಅಳತೆಗಳು ಸರಿಯಾಗಿದ್ದರೆ ನೆಲದ ಕೆಳಗೆ ಪದರ ಎತ್ತ ಹೋಗಿದೆ ಅಂತ ಮೇಲೆ ನಿಂತೇ ಹೇಳಬಹುದು. ಅಪ್ಪ ಒಂದು ಅಳತೆಯನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಮಳೆ ಬರಲಿ, ಕತ್ತಲಾಗಲಿ, ಕಂಪಾಸ್ ಬಂಡೆಗೆ ಇಟ್ಟ ಮೇಲೆ ಬರೆದೇ ಏಳುವುದು.

ಸಾಹಸಿ ಅಂದರೆ ಸಾಹಸಿ. ಒಂದು ಸಲ ಒಣಗಿದ ಹೊಳೆಯ ಪಾತ್ರದಲ್ಲಿ ಟೆಂಟ್ ಹಾಕಿದ್ದರು. ಮೇಲೆಲ್ಲೋ ಬೆಟ್ಟದಲ್ಲಿ ಮಳೆಯಾಗಿ ರಾತ್ರಿ ನೀರು ನುಗ್ಗಿತು. ನೋಟ್‌ಬುಕ್ಕನ್ನು ಅಂಗಿಯೊಳಗೆ ತುರುಕಿಕೊಂಡು ದಡ ಹತ್ತಿದರು. ಟೆಂಟ್ ಹೋಯಿತು, ಶೂ ಹೋಯಿತು. ಕಾಲಿಗೆ ಬಟ್ಟೆ ಸುತ್ತಿಕೊಂಡು ಒಂದು ಹಗಲು ನಡೆದರು. ಆ ನೋಟ್‌ಬುಕ್ ಈಗಲೂ ಇದೆ. ಪುಟಗಳು ಉಬ್ಬಿಕೊಂಡಿವೆ, ಆದರೆ ಪೆನ್ಸಿಲ್ ಅಕ್ಷರ ಅಳಿಸಿಲ್ಲ. ಕಲ್ಲಿನ ಜನ ಪೆನ್ಸಿಲ್ ಯಾಕೆ ಬಳಸುತ್ತಾರೆ ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ.

ಹಿಮಾಲಯದ ಸ್ಪಿಟಿ ಕಣಿವೆಗೆ ಅಪ್ಪ ಮೂರು ಸಲ ಹೋಗಿದ್ದರು. ಉಸಿರಾಡಲೇ ಕಷ್ಟವಾಗುವ ಆ ಎತ್ತರದಲ್ಲಿ ಕಪ್ಪು ಜೇಡಿಪದರಗಳಿವೆ. ಅವುಗಳೊಳಗೆ ಉಂಡೆಯಂಥ ಗಟ್ಟಿ ಕಲ್ಲುಗಳು. ಒಡೆದರೆ ಒಳಗೆ ಅಮೋನೈಟ್, ಅಂದರೆ ಸುರುಳಿ ಚಿಪ್ಪಿನ ಸಮುದ್ರಜೀವಿ. ಸುಮಾರು 15 ಕೋಟಿ ವರ್ಷ ಹಿಂದೆ ಅಲ್ಲಿ ಟೆಥಿಸ್ ಎಂಬ ಸಮುದ್ರ ಇತ್ತು. ಅದರ ತಳದ ಕೆಸರು ಈಗ ಪರ್ವತ. ಅಂಥ ಒಂದು ಉಂಡೆಯನ್ನು ಮನೆಗೆ ತಂದು, ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದೇ ಏಟಿಗೆ ಎರಡು ಹೋಳು ಮಾಡಿದರು. ಒಂದರಲ್ಲಿ ಪ್ರಾಣಿ, ಇನ್ನೊಂದರಲ್ಲಿ ಅದರ ಅಚ್ಚು. ಪ್ರಾಣಿ ನನಗೇ ಬೇಕು ಅಂತ ನಾನು ಅತ್ತೆ, ತಮ್ಮನೂ ಅತ್ತ. ಅಪ್ಪ ಗದರಲಿಲ್ಲ. "ಒಂದು ವರ್ಷ ಒಬ್ಬರ ಹತ್ತಿರ, ಮುಂದಿನ ವರ್ಷ ಬದಲಿ" ಅಂದರು. ಅವತ್ತಿನಿಂದ ಒಂದು ವರ್ಷವೂ ತಪ್ಪಿಲ್ಲ. ಈ ವರ್ಷ ಅಚ್ಚು ನನ್ನ ಹತ್ತಿರ ಇದೆ.

ರಾತ್ರಿ ಮಲಗುವಾಗ ಅಪ್ಪ ಹೇಳುತ್ತಿದ್ದ ಕತೆಯಲ್ಲಿ ರಾಜ ಇರುತ್ತಿರಲಿಲ್ಲ, ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಟನ್ ಇರುತ್ತಿದ್ದ. 1788ರಲ್ಲಿ ಅವನು ಇಬ್ಬರು ಗೆಳೆಯರನ್ನು ಕರೆದುಕೊಂಡು ದೋಣಿಯಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್‌ಗೆ ಹೋದ. ಭೂಮಿಗೆ ಬರೀ ಆರೇಳು ಸಾವಿರ ವರ್ಷ ಅಂತ ಯುರೋಪಿನಲ್ಲಿ ಬಹಳ ಜನ ನಂಬಿದ್ದ ಕಾಲ ಅದು. ಅಲ್ಲಿ ಕೆಳಗೆ ಬೂದು ಪದರಗಳು ಪುಸ್ತಕ ಜೋಡಿಸಿಟ್ಟ ಹಾಗೆ ನೆಟ್ಟಗೆ ನಿಂತಿವೆ. ಅವುಗಳ ತಲೆಯ ಮೇಲೆ ಕೆಂಪು ಮರಳುಗಲ್ಲು ಮಲಗಿದೆ. ಅಂದರೆ ಕೆಳಗಿನದು ಸಮುದ್ರದಲ್ಲಿ ಪದರವಾಗಿ, ಕಲ್ಲಾಗಿ, ಮಡಚಿ ಎದ್ದು, ಸವೆದು ಮುಗಿದ ಮೇಲೆ ಮೇಲಿನದು ಬಂದು ಕೂತಿದೆ. ಇದಕ್ಕೆಲ್ಲ ಎಷ್ಟು ಕಾಲ ಬೇಕು, ಯೋಚಿಸಿ.

ನಿವೃತ್ತಿಯಾದ ಮೇಲೆ ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋದರು. ಕಡಿದಾದ ಹುಲ್ಲಿನ ಇಳಿಜಾರು, ಜೋರು ಗಾಳಿ. ಅಮ್ಮನ ಕೈಬಿಡದೆ ಮೆಲ್ಲಗೆ ಇಳಿಸಿದರಂತೆ. ಅವಳ ಒಂದು ಕೈ ಬೂದು ಕಲ್ಲಿನ ಮೇಲೆ, ಇನ್ನೊಂದು ಕೆಂಪು ಕಲ್ಲಿನ ಮೇಲೆ ಇಡಿಸಿದರಂತೆ. ಎರಡರ ನಡುವೆ ಸುಮಾರು 6.5 ಕೋಟಿ ವರ್ಷದ ಲೆಕ್ಕ ಇಲ್ಲ, ಅಷ್ಟು ಕಾಲದ ಪದರವೇ ಅಲ್ಲಿಲ್ಲ.

"'ಏನೂ ಬರೆದಿಲ್ಲದ ಕಡೆ ಏನೂ ಆಗಿಲ್ಲ ಅಂದ್ಕೋಬೇಡ' ಅಂದ್ರು ಕಣೇ. ನಂಗೆ ಚಳಿ. 'ಹೂಂ' ಅಂದೆ ಅಷ್ಟೇ" ಅಂದಳು ಅಮ್ಮ.

ಮಧ್ಯಾಹ್ನ ಕಳೆದು ಆರನೇ ಪೆಟ್ಟಿಗೆಗೆ ಬಂದಿದ್ದೆವು. ನಂಬರ್ 212. ಮುಷ್ಟಿಯಷ್ಟು ದೊಡ್ಡ ಬೂದು ಕಲ್ಲು. ಅಮ್ಮ ಪುಟ ತೆಗೆದು ಓದಿದಳು. "ಸುಣ್ಣಕಲ್ಲು. ಆಸಿಡ್ ಹನಿಗೆ ಚೆನ್ನಾಗಿ ನೊರೆ ಬರುತ್ತದೆ. ಸ್ಟ್ರೈಕ್ 40. ಡಿಪ್..."

ಅಷ್ಟೇ. ಮುಂದೆ ಏನೂ ಇಲ್ಲ. ಎಡಗಡೆ ಪುಟವೂ ಖಾಲಿ. ಅದರ ಮುಂದಿನ ಪುಟದ ತಾರೀಖು ಇಪ್ಪತ್ತಾರು ದಿನ ಆಮೇಲಿನದು.

ನೀರಿನಲ್ಲಿ ನೆನೆದ ನೋಟ್‌ಬುಕ್ಕಿನಲ್ಲೂ ಹೀಗೆ ಅರ್ಧಕ್ಕೆ ನಿಂತದ್ದು ಇರಲಿಲ್ಲ. ನಾನು ಪುಟ ಹರಿದಿದೆಯಾ ಅಂತ ತಿರುಗಿಸಿ ನೋಡಿದೆ. ಅಮ್ಮ ಮಾತ್ರ 212ರ ಪುಟದ ತಾರೀಖಿನ ಮೇಲೆ ಬೆರಳಿಟ್ಟು ಕೂತಿದ್ದಳು. ಅದು ನಾನು ಹುಟ್ಟಿದ ದಿನ. ಹೇಳಿದ್ದಕ್ಕಿಂತ ಹದಿನೆಂಟು ದಿನ ಮೊದಲೇ ಹುಟ್ಟಿದ್ದೆ. ಟೆಲಿಗ್ರಾಂ ಹಿಡಿದುಕೊಂಡು ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದು, ಬಂಡೆಯ ಕೆಳಗೆ ನಿಂತು ಕೂಗಿದನಂತೆ. ಲಾರಿ, ಆಮೇಲೆ ರೈಲು. ಮೂರನೇ ದಿನ ಅಪ್ಪ ಮನೆಗೆ ಬಂದಾಗ ಸುತ್ತಿಗೆ ಇನ್ನೂ ಸೊಂಟದಲ್ಲೇ ಇತ್ತಂತೆ. ಜೇಬಿನಲ್ಲಿ ಈ ಕಲ್ಲು.

"ಅಕ್ಕಾ, ಡಿಪ್ ಎಷ್ಟು ಹಾಕ್ಲಿ?" ಅಂತ ತಮ್ಮ ಫೋನಿನಲ್ಲಿ ಕೇಳಿದ. ನನಗೆ ಮಾತು ಹೊರಡಲಿಲ್ಲ.

"ಖಾಲಿ ಬಿಡೋ" ಅಂದಳು ಅಮ್ಮ.

ಅವನು ಯಾಕೆ ಅಂತ ಕೇಳಲಿಲ್ಲ. ಸ್ವಲ್ಪ ಹೊತ್ತು ಮೂವರೂ ಸುಮ್ನೆ ಇದ್ದೆವು. ಆಮೇಲೆ ನಾನು ಮುಂದಿನ ಕಲ್ಲು ಎತ್ತಿಕೊಂಡೆ. 213.