ಶರಾಕಾ, ಮುಶಾರಕಾ: ಬಾಗ್ದಾದಿನಲ್ಲಿ ನಡಾವಳಿ ಬರೆದ ಎರಡು ವರ್ಷ

2011ರ ಆರಂಭದಿಂದ 2012ರ ಕೊನೆಯವರೆಗೆ ನಾನು ಇರಾಕಿನ ರಾಜಧಾನಿ ಬಾಗ್ದಾದಿನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದರ ಸಂಧಾನ ತಂಡದಲ್ಲಿ ಅರಬ್ಬಿ ಭಾಷಾಂತರಕಾರನಾಗಿ ಕೆಲಸ ಮಾಡಿದೆ. ಸಭೆಯ ನಡಾವಳಿ ಬರೆಯುವುದೂ ನನ್ನದೇ ಪಾಲಿಗಿತ್ತು. ದೊಡ್ಡ ನಾಯಕರು ಕೂರುವ ಕೋಣೆಗೆ ನನಗೆ ಪ್ರವೇಶವಿರಲಿಲ್ಲ. ಅವರ ಸಲಹೆಗಾರರು, ವಕೀಲರು, ಆಗೊಮ್ಮೆ ಈಗೊಮ್ಮೆ ಒಬ್ಬಿಬ್ಬರು ಸಂಸದರು ಕೂರುವ ಎರಡನೇ ಸಾಲಿನ ಕೋಣೆಯೇ ನನ್ನ ಕಚೇರಿ. ಶಿಯಾ ಮತ್ತು ಸುನ್ನಿ ನಾಯಕರ ನಡುವೆ ಒಮ್ಮತ ತರುವ ಕೆಲಸವೆಂದರೆ ಧರ್ಮಶಾಸ್ತ್ರ ಗೊತ್ತಿರಬೇಕು ಎಂದು ಊರಿನವರು ತಿಳಿದಿದ್ದರು, ಹೋಗುವ ಮುಂಚೆ ನಾನೂ ಹಾಗೆಯೇ ತಿಳಿದಿದ್ದೆ. ಅಲ್ಲಿ ನನಗೆ ಬೇಕಾದದ್ದು ಸಂವಿಧಾನದ ಒಂದೆರಡು ವಿಧಿಗಳ ಜ್ಞಾನ ಮತ್ತು ಎರಡು ಪದಗಳ ನಡುವಿನ ವ್ಯತ್ಯಾಸ. ಎರಡನೆಯದನ್ನು ನಾನು ತಪ್ಪು ಮಾಡಿ ಕಲಿತೆ.

2010ರ ಮಾರ್ಚ್ 7ರ ಚುನಾವಣೆಯಲ್ಲಿ 325 ಸ್ಥಾನಗಳ ಸಂಸತ್ತಿಗೆ ಅಯಾದ್ ಅಲ್ಲಾವಿಯವರ ಅಲ್-ಇರಾಕಿಯಾ ಪಟ್ಟಿ 91 ಸ್ಥಾನ ಗೆದ್ದಿತು, ಶಿಯಾ ಪ್ರಧಾನಿ ನೂರಿ ಅಲ್-ಮಾಲಿಕಿಯವರ ಪಟ್ಟಿ 89 ಗೆದ್ದಿತು. ಸುನ್ನಿ ಪ್ರದೇಶಗಳ ಮತದಾರರು ಬೆನ್ನಿಗೆ ನಿಂತ ಅಲ್ಲಾವಿ ಹುಟ್ಟಿನಿಂದ ಶಿಯಾ. ಪತ್ರಿಕೆಗಳಲ್ಲಿ ಓದುವ 'ಶಿಯಾ-ಸುನ್ನಿ ಪೈಪೋಟಿ' ಎಂಬ ಮಾತನ್ನು ಎಷ್ಟು ಎಚ್ಚರದಿಂದ ಬಳಸಬೇಕೆಂಬುದಕ್ಕೆ ಇದೊಂದೇ ಸಾಕು. ಸಂವಿಧಾನದ 76ನೇ ವಿಧಿಯ ಪ್ರಕಾರ ಸರ್ಕಾರ ರಚಿಸುವ ಆಹ್ವಾನ 'ಅತಿ ದೊಡ್ಡ ಗುಂಪಿ'ಗೆ ಸಲ್ಲಬೇಕು. ಫಲಿತಾಂಶ ಪ್ರಕಟವಾಗುವ ಹಿಂದಿನ ದಿನ, ಮಾರ್ಚ್ 25ರಂದು, ಚುನಾವಣೆಯ ನಂತರ ಒಂದುಗೂಡಿದ ಗುಂಪೂ ಅತಿ ದೊಡ್ಡ ಗುಂಪಾಗಬಹುದು ಎಂದು ಅಲ್ಲಿನ ಸಂಯುಕ್ತ ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಗೆದ್ದೆವೆಂದುಕೊಂಡವರ ಕೈಯಿಂದ ಮೊದಲ ಅವಕಾಶ ಜಾರಿತು, ಮುಂದಿನ ಎಂಟು ತಿಂಗಳು ಕೂಡುವ ಕಳೆಯುವ ಲೆಕ್ಕದಲ್ಲೇ ಹೋದವು. ಕೊನೆಗೆ ನವೆಂಬರಿನಲ್ಲಿ ಕುರ್ದಿಶ್ ನಾಯಕ ಮಸೂದ್ ಬರ್ಜಾನಿಯವರ ಮುಂದಾಳತ್ವದಲ್ಲಿ ಎರ್ಬಿಲ್ ಒಪ್ಪಂದವಾಯಿತು: ಮಾಲಿಕಿ ಪ್ರಧಾನಿ, ಜಲಾಲ್ ತಾಲಬಾನಿ ರಾಷ್ಟ್ರಪತಿ, ಅಲ್-ಇರಾಕಿಯಾದ ಉಸಾಮಾ ಅಲ್-ನುಜೈಫಿ ಸಭಾಧ್ಯಕ್ಷ, ಅಲ್ಲಾವಿಯವರಿಗೆ ಹೊಸದಾಗಿ ಹುಟ್ಟಬೇಕಿದ್ದ ರಾಷ್ಟ್ರೀಯ ಕಾರ್ಯತಂತ್ರ ಮಂಡಳಿಯ ಅಧ್ಯಕ್ಷತೆ.

ಈ ಮಂಡಳಿಯ ಬೇಡಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಸಂವಿಧಾನದ ಮೊದಲ ಅವಧಿಗಷ್ಟೇ ಒಂದು ಅಧ್ಯಕ್ಷೀಯ ಮಂಡಳಿ ಇತ್ತು, ಅದರಲ್ಲಿದ್ದ ರಾಷ್ಟ್ರಪತಿ ಮತ್ತು ಇಬ್ಬರು ಉಪರಾಷ್ಟ್ರಪತಿಗಳಿಗೆ ಮಸೂದೆಗಳನ್ನು ತಡೆಹಿಡಿಯುವ ಅಧಿಕಾರವಿತ್ತು. 2010ಕ್ಕೆ ಆ ವ್ಯವಸ್ಥೆ ಮುಗಿಯಿತು. ಅಂದರೆ ಸುನ್ನಿ ಉಪರಾಷ್ಟ್ರಪತಿಯ ಕೈಯಲ್ಲಿದ್ದ ತಡೆಯೊಡ್ಡುವ ಹಕ್ಕು ಹೋಯಿತು, ಹುದ್ದೆ ಮಾತ್ರ ಉಳಿಯಿತು. ಕಳೆದುಕೊಂಡದ್ದನ್ನು ಬೇರೆ ಬಾಗಿಲಿನಿಂದ ಪಡೆಯಲು ಮಂಡಳಿ ಬೇಕಾಗಿತ್ತು. ಅದನ್ನು ಬಲ್ಲ ಮಾಲಿಕಿಯವರ ಬಣ, ಮಂಡಳಿಯ ಶೇ. 80ರಷ್ಟು ಸದಸ್ಯರು ಒಪ್ಪಿದರೆ ಮಾತ್ರ ಅದರ ತೀರ್ಮಾನಕ್ಕೆ ಬಲವಿರಲಿ ಎಂಬಲ್ಲಿಗೆ ಮಾತನ್ನು ತಂದು ನಿಲ್ಲಿಸಿತ್ತು. ನಾನು ಕೆಲಸಕ್ಕೆ ಸೇರಿದ ವಾರ ನನ್ನ ಮೇಜಿನ ಮೇಲೆ ಇದ್ದದ್ದು ಈ ಮಂಡಳಿಯ ಮಸೂದೆಗೆ ಸಂಬಂಧಿಸಿದ ಕಡತ.

ಒಪ್ಪಂದವಾದ ಮೇಲೆ ನಡೆದ ಮೊದಲ ಅಧಿವೇಶನದ ವರದಿಯೂ ಅದೇ ಕಡತದಲ್ಲಿತ್ತು. 2010ರ ನವೆಂಬರ್ 11ರಂದು ಸಭಾಧ್ಯಕ್ಷರ ಆಯ್ಕೆಯಾಯಿತು. ಸದ್ದಾಂ ಹುಸೇನರ ಬಾಥ್ ಪಕ್ಷದ ನಂಟಿನ ಆರೋಪದ ಮೇಲೆ ಸಾಲೆಹ್ ಅಲ್-ಮುತ್ಲಕ್ ಮೊದಲಾದ ಮೂವರ ಮೇಲಿದ್ದ ನಿರ್ಬಂಧವನ್ನು ಮೊದಲು ತೆಗೆಯಿರಿ, ಆಮೇಲೆ ರಾಷ್ಟ್ರಪತಿಯ ಆಯ್ಕೆ ನಡೆಯಲಿ ಎಂದು ಅಲ್-ಇರಾಕಿಯಾ ಪಟ್ಟು ಹಿಡಿಯಿತು. ಒಪ್ಪದಿದ್ದಾಗ ಅದರ ಸದಸ್ಯರು ಎದ್ದು ಹೊರನಡೆದರು. ಉಳಿದವರು ತಾಲಬಾನಿಯವರನ್ನು ಆರಿಸಿದರು, ತಾಲಬಾನಿ ಮಾಲಿಕಿಯವರನ್ನು ಸೂಚಿಸಿದರು. ನಿರ್ಬಂಧ ಡಿಸೆಂಬರಿನಲ್ಲಿ ತೆರವಾಯಿತು, ಮುತ್ಲಕ್ ಉಪಪ್ರಧಾನಿಯೂ ಆದರು. ಕೊಟ್ಟ ಮಾತೇನೋ ನಡೆಯಿತು. ಆದರೆ ಯಾರು ಮೊದಲು, ಯಾರು ಆಮೇಲೆ ಎಂಬ ಪ್ರಶ್ನೆ ಅಂದೇ ಹುಟ್ಟಿಕೊಂಡಿತ್ತು, ಅದನ್ನು ನಾವು ಒಂದು ದಿನದ ಮುನಿಸು ಎಂದು ಬದಿಗಿಟ್ಟೆವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿದೆ. ಎರ್ಬಿಲ್ ಒಪ್ಪಂದದಲ್ಲಿ ಪ್ರಧಾನಿ ಒಂದೇ ದಿನದ ಮತದಾನದಿಂದ ಹೊಳೆ ದಾಟುವವರಿದ್ದರು; ಅಂಬಿಗರಿಗೆ ಸಲ್ಲಬೇಕಾದ ಕೂಲಿಗೆ ಮಾತ್ರ ಹೊಸ ಕಾನೂನು, ಹೊಸ ಮಂಡಳಿ, ಮಂತ್ರಿಗಳ ನೇಮಕ ಎಲ್ಲವೂ ಆಗಬೇಕಿತ್ತು.

ಇನ್ನು ನನ್ನ ತಪ್ಪು. ಆ ಸರ್ಕಾರಕ್ಕೆ ಅರಬ್ಬಿಯಲ್ಲಿ ಎಲ್ಲರೂ ಬಳಸುತ್ತಿದ್ದ ಹೆಸರು 'ರಾಷ್ಟ್ರೀಯ ಶರಾಕಾದ ಸರ್ಕಾರ'. ಶರಾಕಾ ಎಂದರೆ ಪಾಲುದಾರಿಕೆ. ಅದೇ ಮೂಲದಿಂದ ಬಂದ ಮುಶಾರಕಾ ಎಂದರೆ ಭಾಗವಹಿಸುವುದು. ಅಂಗಡಿಯ ಬಂಡವಾಳದಲ್ಲಿ ಪಾಲಿರುವವನಿಗೂ ಅಂಗಡಿಯಲ್ಲಿ ಕೆಲಸಕ್ಕಿರುವವನಿಗೂ ಇರುವಷ್ಟೇ ಅಂತರ. ಫೆಬ್ರುವರಿಯ ಒಂದು ಸಭೆಯಲ್ಲಿ ಅಲ್ಲಾವಿಯವರ ಕಡೆಯ ಹಿರಿಯ ವಕೀಲರೊಬ್ಬರು, ಭದ್ರತೆಯ ವಿಷಯದಲ್ಲಿ ತೀರ್ಮಾನವಾಗುವಾಗ ತಮ್ಮವರೂ ಕೋಣೆಯಲ್ಲಿರಬೇಕು, ಅದೇ ಶರಾಕಾ ಎಂದರು. ಪ್ರಧಾನಿಯ ಕಡೆಯ ಸಲಹೆಗಾರರು ಬಹಳ ಸೌಜನ್ಯದಿಂದ, 'ಮುಶಾರಕಾ ಈಗಾಗಲೇ ಇದೆಯಲ್ಲ, ಮಂತ್ರಿಸ್ಥಾನಗಳನ್ನು ಕೊಟ್ಟಿದ್ದೇವಲ್ಲ' ಎಂದು ಉತ್ತರಿಸಿದರು. ಆ ರಾತ್ರಿ ಇಂಗ್ಲಿಷಿನಲ್ಲಿ ನಡಾವಳಿ ಬರೆಯುವಾಗ ನಾನು ಎರಡಕ್ಕೂ ಒಂದೇ ಪದ ಹಾಕಿದೆ. ದಣಿವಿತ್ತು ಎನ್ನಬಹುದು, ಆದರೆ ನಿಜ ಕಾರಣ ಬೇರೆ: ಒಂದೇ ಪದ ಹಾಕಿದರೆ ಎರಡೂ ಕಡೆಯವರು ಒಂದೇ ಮಾತಾಡಿದಂತೆ ಕಾಣುತ್ತಿತ್ತು, ಹಾಗೆ ಕಂಡರೆ ಸಭೆ ಸಫಲವಾದಂತೆ ಕಾಣುತ್ತಿತ್ತು. ಮೇಲಧಿಕಾರಿಗಳು ಅದನ್ನು ಓದಿ ಸಂತೋಷಪಟ್ಟರು, 'ತಾತ್ವಿಕ ಒಪ್ಪಿಗೆ' ಎಂಬ ಶೀರ್ಷಿಕೆ ಕೊಟ್ಟು ಮೇಲಕ್ಕೆ ಕಳಿಸಿದರು.

ಮುಂದಿನ ಸಭೆಗೆ ನನ್ನ ಇಂಗ್ಲಿಷ್ ನಡಾವಳಿಯನ್ನು ಸಹೋದ್ಯೋಗಿಯೊಬ್ಬರು ಮರಳಿ ಅರಬ್ಬಿಗೆ ತಂದಿದ್ದರು. ಸಹಜವಾಗಿಯೇ ಎರಡೂ ಕಡೆ ಮುಶಾರಕಾ ಎಂದಾಗಿತ್ತು. ವಕೀಲರು ಕನ್ನಡಕ ಹಣೆಗೇರಿಸಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಮುಂದಿದ್ದ ಇಸ್ತಿಕಾನಿನಲ್ಲಿ, ಅಂದರೆ ಅಲ್ಲಿನವರು ಚಹಾ ಕುಡಿಯುವ ಸಣ್ಣ ಸೊಂಟದ ಗಾಜಿನ ಲೋಟದಲ್ಲಿ, ಸಕ್ಕರೆ ಇನ್ನೂ ತಳದಲ್ಲೇ ಇತ್ತು. ಅದನ್ನು ಅವರು ಕಲಕಲಿಲ್ಲ. 'ಉಸ್ತಾದ್, ಈ ಪದ ನನ್ನ ಬಾಯಿಂದ ಬಂದದ್ದೇ?' ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಹಾಳೆಯನ್ನು ಎರಡಾಗಿ ಮಡಿಸಿ, ಲೋಟದ ಕೆಳಗಿಟ್ಟು, ಎಲ್ಲರಿಗೂ ಸಲಾಂ ಹೇಳಿ ಹೊರಟುಹೋದರು. ಆರು ವಾರ ಆ ಕೋಣೆಯಲ್ಲಿ ಸಭೆ ಕೂಡಲಿಲ್ಲ. ಅಷ್ಟರೊಳಗೆ, ಮಾರ್ಚ್ ತಿಂಗಳಲ್ಲಿ, ಆ ಮಂಡಳಿಯ ಅಧ್ಯಕ್ಷತೆ ತಮಗೆ ಬೇಡವೆಂದು ಅಲ್ಲಾವಿಯವರು ಬಹಿರಂಗವಾಗಿ ಹೇಳಿದ್ದರು. ಅದಕ್ಕೂ ನನ್ನ ಪದಕ್ಕೂ ಸಂಬಂಧವಿರಲಿಲ್ಲ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ದೊಡ್ಡ ಕೋಣೆಯಲ್ಲೂ ನಡೆದದ್ದು ಇದೇ ಎಂದು ನನಗೆ ಆಗ ಹೊಳೆಯಿತು: ಇಬ್ಬರಿಗೂ ಬೇಕಾದಂತೆ ಓದಿಕೊಳ್ಳಬಹುದಾದ ಪದವನ್ನು ಸಂಧಾನಕಾರರು ಜಾಣತನವೆಂದು ತಿಳಿದು ಮೆಚ್ಚುತ್ತಾರೆ, ಸಹಿ ಹಾಕಿದವರು ತಂತಮ್ಮ ಮನೆಗೆ ಹೋಗಿ ತಂತಮ್ಮ ಅರ್ಥವನ್ನು ಜನರಿಗೆ ಹಂಚುತ್ತಾರೆ.

ನಾನು ಬೀದರಿನವನು. ಮಹಮೂದ್ ಗವಾನನ ಮದರಸಾದ ನೆರಳಿನಲ್ಲೇ ಓಡಾಡಿ ಬೆಳೆದವನು. ಹೊರನಾಡಿನಿಂದ ಬಂದ ಆಫಾಕಿಗಳು ಮತ್ತು ಇಲ್ಲಿಯವರೇ ಆದ ದಖನಿಗಳು ಎಂಬ ಎರಡು ಬಣಗಳ ದ್ವೇಷದ ನಡುವೆ ಬಹಮನಿ ಆಸ್ಥಾನವನ್ನು ನಡೆಸಿಕೊಂಡು ಹೋಗುತ್ತಿದ್ದ ಆ ವಜೀರನ ಮುದ್ರೆಯನ್ನು ವಿರೋಧಿಗಳು ಖಾಲಿ ಕಾಗದವೊಂದರ ಮೇಲೆ ಒತ್ತಿಸಿಕೊಂಡು, ಮೇಲೆ ರಾಜದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರೆಂದೂ, 1481ರಲ್ಲಿ ಅವನ ತಲೆ ಉರುಳಿತೆಂದೂ ಶಾಲೆಯಲ್ಲಿ ಓದಿದ್ದೆವು. ಆ ಕತೆ ನನಗೆ ಬಾಗ್ದಾದಿನಲ್ಲಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ಎರಡು ಅರ್ಥದ ಪದಕ್ಕೆ ಸಹಿ ಪಡೆಯುವುದೂ ಒಂದು ಬಗೆಯಲ್ಲಿ ಖಾಲಿ ಹಾಳೆಯ ಮೇಲೆ ಮುದ್ರೆ ಪಡೆದಂತೆಯೇ.

ಮತಭೇದದ ಬಗ್ಗೆ ಕೇಳುವವರಿಗೆ ನಾನು ಹೇಳುವುದು 2011ರ ರಂಜಾನ್ ತಿಂಗಳಿನ, ಅಂದರೆ ಆಗಸ್ಟಿನ ಒಂದು ಸಂಜೆಯ ವಿಷಯ. ಸೂರ್ಯ ಮುಳುಗಿದ ಕೂಡಲೇ ಸುನ್ನಿಗಳು ಉಪವಾಸ ಬಿಡುತ್ತಾರೆ; ಪೂರ್ವದ ಆಕಾಶದ ಕೆಂಪು ಹೋಗುವವರೆಗೆ ಶಿಯಾಗಳು ಕಾಯುತ್ತಾರೆ, ಹತ್ತು ಹದಿನೈದು ನಿಮಿಷದ ವ್ಯತ್ಯಾಸ. ಅಡುಗೆಯವರಿಗೆ ಸಾರು ಯಾವಾಗ ಬಡಿಸಬೇಕೆಂದು ಹೇಳುವ ಹೊಣೆ ನನ್ನ ಮೇಲಿತ್ತು, ನಾನು ಚಿಂತೆಯಲ್ಲಿದ್ದೆ. ಯಾರನ್ನೂ ಕೇಳಬೇಕಾಗಲಿಲ್ಲ. ಒಂದು ಬದಿಯವರು ಖರ್ಜೂರ ತಿಂದು ನೀರು ಕುಡಿದರು, ಸಾರಿಗೆ ಮಾತ್ರ ಇನ್ನೊಂದು ಬದಿಯವರಿಗಾಗಿ ಕಾದರು. ಒಬ್ಬರ ಮಗಳ ಮದುವೆಯ ಮಾತು ಬಂತು. ಆ ಕೋಣೆಯ ಅರ್ಧ ಮನೆಗಳಲ್ಲಿ ಸೊಸೆಯೋ ಅಳಿಯನೋ ಇನ್ನೊಂದು ಪಂಥದವರೆಂದು ನನಗೆ ತಿಳಿದದ್ದು ಆಗಲೇ. ಊಟ ಮುಗಿದು ಒಳಾಡಳಿತ ಖಾತೆಯ ವಿಷಯ ಎತ್ತಿದಾಗ ಅದೇ ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಾಗೆಂದು ಪಂಥದ ಭಯ ಸುಳ್ಳೆಂದು ನಾನು ಹೇಳಲಾರೆ. 2006ರಲ್ಲಿ ಶಿಯಾಗಳಿಗೆ ಪವಿತ್ರವಾದ ಸಾಮರ್ರಾದ ಅಸ್ಕರಿ ದರ್ಗಾದ ಸ್ಫೋಟದ ನಂತರ ಹರಿದ ರಕ್ತವನ್ನು ಅವರೆಲ್ಲ ಕಂಡಿದ್ದರು. ಪೊಲೀಸು ಯಾರ ಕೈಯಲ್ಲಿದೆ ಎಂಬುದು ಅವರಿಗೆ ಮನೆಯ ಬಾಗಿಲು ರಾತ್ರಿ ಯಾರು ತಟ್ಟುತ್ತಾರೆ ಎಂಬ ಪ್ರಶ್ನೆಯಾಗಿತ್ತು. ಆದ್ದರಿಂದಲೇ ಆ ಖಾತೆಯ ಮೇಲೆ ಅಷ್ಟು ಜಗಳ. ಪ್ರಧಾನಿಯವರೇ ಹಂಗಾಮಿಯಾಗಿ ಇಟ್ಟುಕೊಂಡ ಒಳಾಡಳಿತ ಖಾತೆಗೆ 2014ರಲ್ಲಿ ಅವರ ಅವಧಿ ಮುಗಿಯುವವರೆಗೂ ಸಂಸತ್ತು ಒಪ್ಪಿದ ಮಂತ್ರಿ ಬರಲೇ ಇಲ್ಲ.

2011ರ ಡಿಸೆಂಬರ್ 18ರಂದು ಅಮೆರಿಕದ ಕೊನೆಯ ಸೈನಿಕರು ಕುವೈತಿನ ಗಡಿ ದಾಟಿದರು. ಮರುದಿನವೇ ಸುನ್ನಿ ಉಪರಾಷ್ಟ್ರಪತಿ ತಾರಿಕ್ ಅಲ್-ಹಾಶಿಮಿಯವರ ಮೇಲೆ ಭಯೋತ್ಪಾದನೆಯ ಆರೋಪದಡಿ ಬಂಧನದ ವಾರಂಟ್ ಹೊರಬಿತ್ತು. ಅವರು ಕುರ್ದಿಸ್ತಾನಕ್ಕೆ ಹೋಗಿ ತಾಲಬಾನಿಯವರ ಆಶ್ರಯ ಪಡೆದರು, ಅನಂತರ ದೇಶ ಬಿಟ್ಟರು. ಮರುವರ್ಷ ಸೆಪ್ಟೆಂಬರಿನಲ್ಲಿ ಅವರ ಗೈರುಹಾಜರಿಯಲ್ಲೇ ಮರಣದಂಡನೆಯ ತೀರ್ಪು ಬಂತು. ಆರೋಪ ನಿಜವೋ ಸುಳ್ಳೋ ಎಂದು ನಮ್ಮ ಕೋಣೆಯಲ್ಲಿ ಯಾರೂ ವಾದಿಸಲಿಲ್ಲ, ಅದು ನ್ಯಾಯಾಲಯದ ಕೆಲಸ ಎಂದು ಒಬ್ಬರು, ನ್ಯಾಯಾಲಯ ಯಾರದು ಎಂದು ಇನ್ನೊಬ್ಬರು, ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಅಂಥ ದಿನಗಳಲ್ಲಿ ಸಂಧಾನಕಾರನಿಗೆ ಮಾಡಲು ಉಳಿಯುವುದು ಚಹಾ ತರಿಸುವುದಷ್ಟೇ.

2012ರ ಬೇಸಿಗೆಯಲ್ಲಿ ಅವಿಶ್ವಾಸ ನಿರ್ಣಯದ ಪ್ರಯತ್ನ ನಡೆಯಿತು. ಬರ್ಜಾನಿ ಮತ್ತು ಅಲ್ಲಾವಿಯವರ ಜೊತೆಗೆ ಶಿಯಾ ಧರ್ಮಗುರು ಮುಕ್ತದಾ ಅಲ್-ಸದ್ರ್ ಕೂಡ ಕೈಜೋಡಿಸಿದ್ದರು. ಪಂಥದ ಗೆರೆ ಎಳೆದು ನೋಡುವವರಿಗೆ ಇದು ಅರ್ಥವಾಗುವುದಿಲ್ಲ. ಸಂಗ್ರಹಿಸಿದ ಸಹಿಗಳು ಸಾಲವೆಂದು ತಾಲಬಾನಿ ಅದನ್ನು ಸಂಸತ್ತಿಗೆ ಕಳಿಸಲಿಲ್ಲ. ಜನ ಅವರನ್ನು ಕರೆಯುತ್ತಿದ್ದದ್ದು ಮಾಮ್ ಜಲಾಲ್ ಎಂದು. ಕುರ್ದಿಶ್ ಭಾಷೆಯಲ್ಲಿ ಮಾಮ್ ಎಂದರೆ ಚಿಕ್ಕಪ್ಪ. ನನ್ನ ಕಿವಿಗೆ ಅದು ಮಾವ ಎಂದೇ ಕೇಳಿಸುತ್ತಿತ್ತು. ಅವರ ನಿರ್ಧಾರ ಎಷ್ಟೋ ಜನರಿಗೆ ಸಿಟ್ಟು ತಂದಿತು. ಆದರೂ ಮುನಿಸಿಕೊಂಡವರೆಲ್ಲ ಅವರ ಮನೆಗೇ ಹೋಗುತ್ತಿದ್ದರು, ಏಕೆಂದರೆ ಇನ್ನೊಬ್ಬರ ಮನೆ ಇರಲಿಲ್ಲ. ಆ ವರ್ಷದ ಡಿಸೆಂಬರಿನ ನಡುವೆ ಅವರು ಪಾರ್ಶ್ವವಾಯುವಿಗೆ ತುತ್ತಾಗಿ ಚಿಕಿತ್ಸೆಗೆಂದು ಜರ್ಮನಿಗೆ ಹೋದರು. ಅದೇ ವಾರ ಸುನ್ನಿ ಅರ್ಥಮಂತ್ರಿ ರಾಫಿ ಅಲ್-ಇಸಾವಿಯವರ ಅಂಗರಕ್ಷಕರ ಬಂಧನವಾಯಿತು, ಸುನ್ನಿ ನಗರಗಳಾದ ರಮಾದಿ ಮತ್ತು ಫಲ್ಲೂಜಾದಲ್ಲಿ ಜನ ಪ್ರತಿಭಟಿಸಿ ಹೆದ್ದಾರಿಗೆ ಇಳಿದರು. ನನ್ನ ಒಪ್ಪಂದದ ಅವಧಿ ಮುಗಿದದ್ದೂ ಅದೇ ತಿಂಗಳು.

ಆಮೇಲೆ ಬೇರೆ ದೇಶಗಳಲ್ಲಿ ಇದೇ ಬಗೆಯ ಕೆಲಸ ಮಾಡುವಾಗ ನಾನು ಎರಡು ಅಭ್ಯಾಸ ಮಾಡಿಕೊಂಡೆ. ನಡಾವಳಿಯಲ್ಲಿ ಮುಖ್ಯ ಪದಗಳನ್ನು ಮಾತಾಡಿದವರ ಭಾಷೆಯಲ್ಲೇ ಬಿಟ್ಟು, ಎದುರು ಬದಿಯವರು ಅದಕ್ಕೆ ಕೊಟ್ಟ ಅರ್ಥವನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಓದುವವರಿಗೆ ಅದು ಅಂದವಾಗಿ ಕಾಣುವುದಿಲ್ಲ. ಕರಡಿನ ಪ್ರತಿ ಕಂಡಿಕೆಯ ಎದುರು ಯಾರು ಮೊದಲು ಮಾಡಬೇಕು, ಯಾವ ದಿನದೊಳಗೆ ಎಂಬ ಎರಡು ಕಾಲಂ ಎಳೆಯುತ್ತೇನೆ. ಹಿಂದೆ ಇವನ್ನು ಖಾಲಿ ಬಿಟ್ಟರೆ ಸಹಿ ಬೇಗ ಬೀಳುತ್ತದೆ ಎಂದು ಬಿಡುತ್ತಿದ್ದೆವು, ಈಗ ಖಾಲಿ ಬಿಟ್ಟ ಹಾಳೆಯನ್ನು ನಾನು ಮುಂದಕ್ಕೆ ಕಳಿಸುವುದಿಲ್ಲ.

ಆದರೆ 2014ರಲ್ಲಿ ಮೊಸುಲ್ ನಗರ ಐಸಿಸ್ ಉಗ್ರರ ಕೈಗೆ ಬಿದ್ದ ಮೇಲೆ ಹೊಸ ಪ್ರಧಾನಿ ಹೈದರ್ ಅಲ್-ಅಬಾದಿಯವರ ಸರ್ಕಾರ ಬಂದಾಗ, ಪಕ್ಷಗಳು ಒಪ್ಪಿದ ಪತ್ರದಲ್ಲಿ ಕಾಲಮಿತಿಗಳೂ ಇದ್ದವು. ಸುನ್ನಿ ಪ್ರಾಂತ್ಯಗಳ ಯುವಕರಿಗೆ ತಮ್ಮ ಊರಿನ ರಕ್ಷಣೆಯಲ್ಲಿ ಪಾಲು ಕೊಡುವ ರಾಷ್ಟ್ರೀಯ ರಕ್ಷಣಾ ದಳದ ಕಾನೂನು ಅವುಗಳಲ್ಲಿ ಒಂದು. 2015ರ ಫೆಬ್ರುವರಿಯಲ್ಲಿ ಮಂತ್ರಿಮಂಡಲ ಆ ಮಸೂದೆಯನ್ನು ಒಪ್ಪಿ ಸಂಸತ್ತಿಗೆ ಕಳಿಸಿತು, ಸಂಸತ್ತಿನಲ್ಲಿ ಅದು ಅಲ್ಲೇ ಉಳಿಯಿತು. ಬಾಗ್ದಾದಿನ ಹಳೆಯ ಸಹೋದ್ಯೋಗಿಯೊಬ್ಬರು ಆ ದಿನಗಳಲ್ಲಿ ಫೋನ್ ಮಾಡಿ, 'ನಿನ್ನ ಕಾಲಂ ಈ ಸಲ ಭರ್ತಿಯಾಗಿದೆ, ದಿನಾಂಕವೂ ಇದೆ' ಎಂದು ನಕ್ಕರು. ದಿನಾಂಕ ಕಳೆದರೆ ಏನಾಗುತ್ತದೆ ಎಂದು ಬರೆದಿದೆಯೇ ಎಂದು ನಾನು ಕೇಳಿದೆ. ಅದಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ ಎಂದರು.