59.94ರಲ್ಲಿ ಒಂದು ಎಂಬತ್ತರ ಹುಟ್ಟುಹಬ್ಬ

ತುಮಕೂರು, 14 ಜೂನ್ 2025, ಶನಿವಾರ

ಬೆಳಗ್ಗೆಯಿಂದ ಸ್ಟುಡಿಯೋದಲ್ಲಿ ಒಂದೇ ಜಗಳ, ಟೈಮ್‌ಲೈನ್ (ವಿಡಿಯೋ ತುಣುಕುಗಳನ್ನ ಜೋಡ್ಸೋ ಪಟ್ಟಿ) ಸೆಕೆಂಡಿಗೆ 25 ಫ್ರೇಮಿಗೆ, ಅಂದ್ರೆ 25 ಚಿತ್ರಕ್ಕೆ ಇಡೋದಾ 59.94ಕ್ಕೆ ಇಡೋದಾ ಅಂತ. ನಮ್ ಸೀನಿಯರ್ರು ಕಾಫಿ ಲೋಟ ಹಿಡ್ಕೊಂಡು ಹಿಂದೆ ನಿಂತ್ಕೊಂಡು, ಇಂಡಿಯಾ ಅಂದ್ರೆ ಪಾಲ್ ಟಿವಿ ಪದ್ಧತಿ, ಪಾಲ್ ಅಂದ್ರೆ 25, ಇದ್ರಲ್ಲಿ ಯೋಚ್ನೆ ಮಾಡೋದೇನಿದೆ ಅಂತಾರೆ. ಅವ್ರ ಮಾತು ಸುಳ್ಳಲ್ಲ, 1982ರಲ್ಲಿ ಏಷ್ಯಾಡ್ ಟೈಮಲ್ಲಿ ದೂರದರ್ಶನ ಕಲರ್ ಆದಾಗ್ಲಿಂದ ನಮ್ದು ಪಾಲೇ, 625 ಲೈನು, ಸೆಕೆಂಡಿಗೆ 25 ಫ್ರೇಮು. ಆದ್ರೆ ಈ ಕೆಲ್ಸಕ್ಕೆ ಅದು ಬೇಡ ಅಂತ ನಂದು.

ವಿಷ್ಯ ಏನಪ್ಪಾ ಅಂದ್ರೆ ಎಸ್.ಎಸ್.ಪುರಂ ಕಡೆಯ ಒಂದು ಮನೆಯವ್ರು, ತಾತಂಗೆ ಎಂಬತ್ತು ತುಂಬುತ್ತೆ, ಚೌಟ್ರಿಯಲ್ಲಿ ಫಂಕ್ಷನ್ನು, ಅಲ್ಲಿ ಎಲ್‌ಇಡಿ ವಾಲ್ ಮೇಲೆ ಹಾಕೋಕೆ ಹತ್ತು ನಿಮಿಷದ ವಿಡಿಯೋ ಬೇಕು. ಕೊಟ್ಟಿರೋ ಮಾಲು ಮೂರು ತರ. ಒಂದು, 1999ರಲ್ಲಿ ಅಮೆರಿಕಾದಿಂದ ಬಂದ ಮಗ ಅಲ್ಲೇ ತಗೊಂಡಿದ್ದ ಮಿನಿ ಡಿವಿ ಕ್ಯಾಮೆರಾದಲ್ಲಿ ತೆಗ್ದಿದ್ದು, ಅಂದ್ರೆ ಅಮೆರಿಕಾದ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ಸೆಕೆಂಡಿಗೆ 29.97 ಫ್ರೇಮು. ಎರಡನೇದು ಮಗಳ ಮದ್ವೆದು, ಇಲ್ಲೇ ಲೋಕಲ್ ವಿಡಿಯೋದವ್ರು ವಿಎಚ್‌ಎಸ್‌ನಲ್ಲಿ ತೆಗ್ದಿದ್ದು, ಅದು ಪಾಲ್. ಮೂರನೇದು ಮೊಮ್ಮಕ್ಕಳ ಮೊಬೈಲ್ ಕ್ಲಿಪ್ಪುಗಳು, ಹೆಸ್ರಿಗೆ 30, ಆದ್ರೆ ಮೊಬೈಲು ಬೆಳಕು ಕಮ್ಮಿ ಆದಾಗ ತನಗೆ ಇಷ್ಟ ಬಂದಂಗೆ 24ಕ್ಕೋ 27ಕ್ಕೋ ಇಳ್ಸುತ್ತೆ. ಅದನ್ನ ಹಾಗೇ ಟೈಮ್‌ಲೈನಿಗೆ ಎಳ್ದ್ರೆ ಎರಡು ನಿಮಿಷ ಆಗೋಷ್ಟರಲ್ಲಿ ತುಟಿ ಒಂದು ಕಡೆ ಮಾತು ಒಂದು ಕಡೆ. ಅದಕ್ಕೇ ಅವನ್ನೆಲ್ಲ ಮೊದ್ಲೇ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಲ್ಲಿ ಹಾಕಿ ಕಾನ್ಸ್ಟಂಟ್ ಫ್ರೇಮ್ ರೇಟ್ ಮಾಡಿ, ಅಂದ್ರೆ ಉದ್ದಕ್ಕೂ ಒಂದೇ ರೇಟಿಗೆ ತಂದು ಇಟ್ಕೊಂಡೆ, ಅದು ದೊಡ್ಡ ಕೆಲ್ಸ ಅಲ್ಲ.

ತಲೆನೋವು ಮಿನಿ ಡಿವಿದು. ಟೇಪು ಟ್ರಾನ್ಸ್‌ಫರ್ ಮಾಡ್ಸಿದ್ದು ಬೆಂಗ್ಳೂರಲ್ಲಿ ಯಾವ್ದೋ ಅಂಗಡೀಲಿ, ಅವ್ರು ದೊಡ್ಡ ಮನಸ್ಸು ಮಾಡಿ ಪಾಲ್‌ಗೆ ಕನ್ವರ್ಟ್ ಮಾಡೇ ಕೊಟ್ಟಿದಾರೆ. ಓಪನ್ ಮಾಡಿ ಒಂದೊಂದೇ ಫ್ರೇಮ್ ಮುಂದೆ ಹೋದ್ರೆ ಅಜ್ಜಿ ಬಾಗ್ಲ ಮುಂದೆ ರಂಗೋಲಿ ಹಾಕ್ತಿದಾರೆ, ಕೈ ಒಂದು ಫ್ರೇಮಲ್ಲಿ ಚೆನ್ನಾಗಿದೆ, ಮುಂದಿನ ಫ್ರೇಮಲ್ಲಿ ಎರಡು ಕೈ, ಒಂದರ ಮೇಲೊಂದು ಅರ್ಧರ್ಧ ಕಾಣ್ಸುತ್ತೆ. ಹಳೇ ವಿಡಿಯೋದಲ್ಲಿ ಒಂದು ಫ್ರೇಮ್ ಅಂದ್ರೆ ಎರಡು ಫೀಲ್ಡು, ಒಂದಾದ ಮೇಲೊಂದು ತೆಗ್ದ ಎರಡು ಅರ್ಧ ಚಿತ್ರ, ಆ ಫೀಲ್ಡುಗಳನ್ನ ಬೆರೆಸಿಬಿಟ್ಟಿದಾರೆ. ಒಂದ್ಸಲ ಬೆರೆತ ಮೇಲೆ ಬಿಡಿಸೋಕೆ ಯಾವ ಸಾಫ್ಟ್‌ವೇರೂ ಸರಿಯಾಗಿ ಬರಲ್ಲ. ಫೋನ್ ಮಾಡ್ಸಿ ಒರಿಜಿನಲ್ ಡಿವಿ ಫೈಲ್ ಇದ್ಯಾ ಅಂತ ಕೇಳ್ಸಿದ್ವಿ, ಪುಣ್ಯಕ್ಕೆ ಅವ್ರ ಹಾರ್ಡ್ ಡಿಸ್ಕಲ್ಲಿ ಇತ್ತು. 720 ಬೈ 480, ಇಂಟರ್‌ಲೇಸ್ಡ್ (ಫೀಲ್ಡುಗಳು ಬೆರೀದೆ ಬಿಡಿಯಾಗಿ), ಲೋವರ್ ಫೀಲ್ಡ್ ಫಸ್ಟ್ (ಕೆಳಗಿನ ಗೆರೆಗಳ ಫೀಲ್ಡು ಮೊದ್ಲು), ಟೇಪಲ್ಲಿ ಹೆಂಗಿತ್ತೋ ಹಂಗೆ. ಯಾರಾದ್ರೂ ಹಳೇ ಟೇಪ್ ಕೊಡೋರಿದ್ರೆ ದಯವಿಟ್ಟು ಕೇಳಿ, ಕನ್ವರ್ಟ್ ಮಾಡಬೇಡಿ, ಹಂಗೇ ಕೊಡಿ ಅಂತ.

ಈ 29.97 ಅನ್ನೋ ದರಿದ್ರ ನಂಬರ್ ಎಲ್ಲಿಂದ ಬಂತು ಅಂತ ಹೊಸ ಹುಡುಗ ಕೇಳ್ದ. ಅಮೆರಿಕಾದಲ್ಲಿ ಕರೆಂಟು 60 ಹರ್ಟ್ಸು, ಅದಕ್ಕೆ ಬ್ಲಾಕ್ ಅಂಡ್ ವೈಟ್ ಕಾಲದಲ್ಲಿ ಸರಿಯಾಗಿ 30 ಇತ್ತು, 1953ರಲ್ಲಿ ಕಲರ್ ಸೇರ್ಸಿದಾಗ ಬಣ್ಣದ ಸಿಗ್ನಲ್ಲು ಸೌಂಡ್ ಸಿಗ್ನಲ್ ಜೊತೆ ಗುದ್ದಾಡಿ ಪರದೆ ಮೇಲೆ ಚುಕ್ಕಿ ಚುಕ್ಕಿ ಆಗಬಾರ್ದು ಅಂತ ಸಾವಿರದಲ್ಲಿ ಒಂದು ಪಾಲಿನಷ್ಟು ನಿಧಾನ ಮಾಡಿದ್ರು. ಅವತ್ತು ಮಾಡಿದ್ದನ್ನ ಇವತ್ತು ತುಮಕೂರಲ್ಲಿ ಕೂತು ನಾವು ಅನುಭವಿಸ್ತಿದೀವಿ. ನಮ್ಮಲ್ಲಿ ಕರೆಂಟು 50 ಹರ್ಟ್ಸು, ಅದಕ್ಕೇ 25. ಮೊಬೈಲ್ ಕ್ಲಿಪ್ಪಲ್ಲಿ ಟ್ಯೂಬ್‌ಲೈಟ್ ಕೆಳಗೆ ಕಪ್ಪು ಪಟ್ಟಿ ಓಡೋದೂ ಇದೇ ಕಾರಣಕ್ಕೆ, ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತೆ, ಶಟರ್, ಅಂದ್ರೆ ಒಂದು ಫ್ರೇಮಿಗೆ ಬೆಳಕು ಬಿಡೋ ಹೊತ್ತು, 1/60 ಸೆಕೆಂಡಲ್ಲಿ ಇರುತ್ತೆ. 30ರಲ್ಲೇ ತೆಗೀರಿ ಪರ್ವಾಗಿಲ್ಲ, ಶಟರ್ 1/50 ಇಲ್ಲಾ 1/100 ಇಟ್ರೆ ಪಟ್ಟಿ ಬರಲ್ಲ, ಆದ್ರೆ ಮನೆ ಮಂದಿಗೆ ಇದನ್ನೆಲ್ಲ ಯಾರ್ ಹೇಳ್ತಾರೆ.

ಸರಿ, ಟೈಮ್‌ಲೈನ್ ವಿಷ್ಯಕ್ಕೆ ಬರ್ತೀನಿ. ಸೀನಿಯರ್ ಹೇಳ್ದಂಗೆ 25ಕ್ಕೆ ಇಟ್ರೆ ಅಜ್ಜಿ ಇರೋ ಟೇಪಿಂದ ಪ್ರತಿ ಆರು ಫ್ರೇಮಿಗೆ ಹೆಚ್ಚುಕಮ್ಮಿ ಒಂದನ್ನ ಎತ್ತಿ ಬಿಸಾಕ್ಬೇಕು. ಅಜ್ಜಿ ಈಗಿಲ್ಲ, ಅವ್ರು ನಗ್ತಾ ಮಾತಾಡೋದು ಇರೋದು ಆ ಟೇಪಲ್ಲಿ ಮಾತ್ರ. ಸ್ಪೀಡ್ ಇಳಿಸಿ 25ಕ್ಕೆ ಕೂರ್ಸೋಣ ಅಂದ್ರೆ 83 ಪರ್ಸೆಂಟಿಗೆ ಬರುತ್ತೆ, ದೇವರಾಯನದುರ್ಗದ ಮೆಟ್ಲು ಹತ್ತೋ ಶಾಟಿಗೆ ಅದು ಚೆಂದ, ಮಾತಿಗೆ ಆಗಲ್ಲ, ದನಿ ಎಳ್ದಂಗಾಗುತ್ತೆ. ನನ್ ಲೆಕ್ಕ ಇಷ್ಟೇ, ಯಾವ ಫುಟೇಜ್ ಪೆಟ್ಟು ತಡ್ಕೊಳಲ್ವೋ ಅದ್ರ ರೇಟಿಗೆ ಟೈಮ್‌ಲೈನ್ ಇಡು, ತಡ್ಕೊಳೋದು ತಡ್ಕೊಳ್ಳಲಿ. ಜೊತೆಗೆ ಎಲ್‌ಇಡಿ ವಾಲಿಗೆ ಲ್ಯಾಪ್‌ಟಾಪಿಂದ ಹೋಗೋದು 60 ಹರ್ಟ್ಸು, ಅದ್ರ ಮೇಲೆ 25 ಓಡ್ಸಿದ್ರೆ ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ, ಸುಮ್ನೆ ಕುಂಟುತ್ತೆ. ಅದಕ್ಕೇ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವಲ್ಲಿ ಮೀಡಿಯಾ ಹಾಕೋಕೆ ಮುಂಚೆನೇ 59.94, ಅಂದ್ರೆ 29.97ರ ಎರಡರಷ್ಟು, ಅಂತ ಇಟ್ಬಿಟ್ಟೆ, ಆಮೇಲೆ ಹಾಕಿದ್ರೆ ಪ್ರಾಜೆಕ್ಟ್ ಸೆಟ್ಟಿಂಗಲ್ಲಿ ಬದಲಾಯ್ಸೋಕೆ ಬಿಡಲ್ಲ. ಡಿವಿನ ಎಫ್‌ಎಫ್‌ಎಂಪೆಗ್ ಅನ್ನೋ ಇನ್ನೊಂದು ಸಾಫ್ಟ್‌ವೇರಲ್ಲಿ ಡೀಇಂಟರ್‌ಲೇಸ್ ಮಾಡ್ದೆ, ಅಂದ್ರೆ ಒಂದೊಂದು ಫೀಲ್ಡನ್ನೂ ಒಂದು ಪೂರ್ತಿ ಫ್ರೇಮ್ ಮಾಡ್ದೆ. ರಂಗೋಲಿ ಎಳೆ ಎಷ್ಟು ನಯವಾಗಿ ಬೀಳ್ತಿದೆ ಅಂದ್ರೆ, ಬೆರಳ ಸಂದಿಯಿಂದ ಪುಡಿ ಉದುರೋದು ಕಾಣ್ಸುತ್ತೆ.

ಪೆಟ್ಟು ತಿಂದಿದ್ದು ಮದ್ವೆ ವಿಎಚ್‌ಎಸ್ಸು. ಅದ್ರ 50 ಫೀಲ್ಡನ್ನ 59.94 ಮಾಡ್ಬೇಕು, ಅಂದ್ರೆ ಸೆಕೆಂಡಿಗೆ ಹತ್ತು ಫ್ರೇಮ್ ಹೊಸ್ದಾಗಿ ಹುಟ್ಟಬೇಕು. ಧಾರೆ, ಮಾಂಗಲ್ಯ ಎಲ್ಲ ನಿಂತಲ್ಲೇ ನಡೆಯೋದು, ಫ್ರೇಮ್ ರಿಪೀಟ್ ಆದ್ರೂ ಗೊತ್ತೇ ಆಗಲ್ಲ. ಊಟದ ಪಂಕ್ತಿದು ಒಂದು ಪ್ಯಾನ್ ಇದೆ, ಈ ತುದಿಯಿಂದ ಆ ತುದಿಗೆ, ಅಲ್ಲಿ ಗಡಗಡ ಅಂತ ಶುರುವಾಯ್ತು. ಆಪ್ಟಿಕಲ್ ಫ್ಲೋ ಹಾಕಿ ನೋಡ್ದೆ, ಮಧ್ಯದ ಫ್ರೇಮ್ ಅದೇ ಊಹಿಸ್ಕೊಂಡು ಬರೆಯುತ್ತೆ, ಬರ್ದಿದ್ದು ಏನಂದ್ರೆ ಸಾಂಬಾರ್ ಬಕೆಟಿನ ಹಿಡಿ ಬಡಿಸೋರ ಮೊಣಕಾಲಿಗೆ ಅಂಟ್ಕೊಂಡು ಕರಗಿಹೋಯ್ತು, ಹಿಂದಿನ ಕಂಬ ನೀರಲ್ಲಿ ಇಟ್ಟಂಗೆ ಬಗ್ತು. ಸೀನಿಯರ್ರು ನಕ್ಕಿದ್ದೇ ನಕ್ಕಿದ್ದು. ಸ್ಪೀಡ್ ಜಾಸ್ತಿ ಮಾಡಿ ನೋಡಿದ್ರೆ ಬಡಿಸೋರೆಲ್ಲ ಬಸ್ ಹಿಡಿಯೋರ ತರ ಓಡ್ತಾರೆ. ಕೊನೆಗೆ ಅಕ್ಕಪಕ್ಕದ ಫ್ರೇಮು ಬೆರೆಸೋ ಫ್ರೇಮ್ ಬ್ಲೆಂಡೇ ಹಾಕ್ದೆ, ವಿಎಚ್‌ಎಸ್ ಮೊದ್ಲೇ ಮಬ್ಬು, ಅದ್ರಲ್ಲಿ ಇನ್ನೊಂಚೂರು ಮಬ್ಬು ಬೆರೆತ್ರೆ ಯಾರಿಗೂ ತಿಳಿಯಲ್ಲ. ಬೆಂಗ್ಳೂರಿನವ್ರನ್ನ ಬೈದು ನಾನೂ ಅದೇ ಮಾಡ್ದೆ ಅಂತ ಸೀನಿಯರ್ರು ಚುಚ್ಚಿದ್ರು. ಒಂದು ಪ್ಯಾನಿಗೆ ಹಾಕೋದು ಬೇರೆ, ಇಡೀ ಟೇಪಿಗೆ ಬಳಿಯೋದು ಬೇರೆ ಸಾರ್ ಅಂದೆ. ನಾದಸ್ವರ ಎಲ್ಲೂ ಮುಟ್ಟಿಲ್ಲ, ಸ್ಪೀಡ್ ಬದಲಾಗಿಲ್ವಲ್ಲ, ಶ್ರುತಿ ಹಂಗೇ ಇದೆ.

ರೆಂಡರ್ ಹಾಕಿ ಮನೆಗೆ ಬಂದೆ. ಸಾಯಂಕಾಲ ಎಲ್‌ಇಡಿ ವಾಲಿನವ್ರು ಫೋನ್ ಮಾಡಿ ಲ್ಯಾಪ್‌ಟಾಪ್ ಬೇಡ ಸಾರ್, ಪೆನ್‌ಡ್ರೈವ್ ತನ್ನಿ, ನಮ್ದೇ ಪ್ಲೇಯರ್ ಇದೆ ಅಂದ್ರು. ಅದು 60ರಲ್ಲಿ ಓಡುತ್ತಾ 50ರಲ್ಲಾ ಅಂದ್ರೆ, ಓಡುತ್ತೆ ಸಾರ್, ಎಲ್ಲಾ ಓಡುತ್ತೆ ಅಂತಾರೆ. ಸೋಮವಾರ ಚೌಟ್ರಿಗೆ ಹೋಗಿ ನಾನೇ ನೋಡ್ಬೇಕು, 50ರಲ್ಲಿದ್ರೆ 25ಏ ಸರಿಯಾಗಿ ಕೂರ್ತಿತ್ತು, ಸೀನಿಯರ್ ಮುಂದೆ ತಲೆ ಎತ್ತೋ ಹಂಗಿಲ್ಲ.